ಟ್ರಂಕಿನಲ್ಲಿ ಸಿಕ್ಕ ಗಾಲ್ಫ್ ಮೈದಾನ

ಹಳೆಯ ಯಂತ್ರಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಉತ್ತರ ಬರೆಯುವವರು ಶಿವಮೊಗ್ಗದ ನಮ್ಮ ಅಂಕಣಗಾರ್ತಿ. ಪಾಲಿಟೆಕ್ನಿಕ್ ಒಂದರಲ್ಲಿ ಬಹಳ ವರ್ಷ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡಿದ್ದವರು, ಈಗ ಮನೆಯಲ್ಲೇ ಒಂದು ರಿಪೇರಿ ಮೇಜು ಇಟ್ಟುಕೊಂಡಿದ್ದಾರೆ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅಪ್ಪಯ್ಯ 1993ರಲ್ಲಿ ದುಬೈಯಿಂದ ಬರುವಾಗ ತಂದ ಒಂದು ವಿಡಿಯೊ ಗೇಮ್ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಕಪ್ಪು ಬಣ್ಣ, ಎರಡು ಕೈಯಲ್ಲಿ ಹಿಡಿಯುವಷ್ಟು ಅಗಲ. ಮೇಲೆ ಸೆಗಾ ಗೇಮ್ ಗೇರ್ ಎಂದು ಬರೆದಿದೆ. ಒಳಗೆ ಒಂದೇ ಕ್ಯಾಸೆಟ್, ಹೆಸರು ಪಟ್ ಅಂಡ್ ಪಟರ್. ಹೊಸ ಸೆಲ್ ಹಾಕಿ ನೋಡಿದೆ. ದೀಪ ಹತ್ತುತ್ತದೆ, ಶಬ್ದ ಇಲ್ಲ. ಚಿತ್ರ ಓರೆಯಾಗಿ ನೋಡಿದರೆ ಮಾತ್ರ ಮಸುಕಾಗಿ ಕಾಣುತ್ತದೆ. ಒಮ್ಮೊಮ್ಮೆ ತಾನಾಗಿಯೇ ಆಫ್ ಆಗುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ತೋರಿಸಿದೆ, "ಗುಜರಿಗೆ ಹಾಕಿ" ಅಂದರು. ಅಪ್ಪಯ್ಯನಿಗೆ ಈಗ 71. ಡ್ಯೂಟಿ ಮುಗಿಸಿ ರೂಮಿಗೆ ಬಂದು ಇದನ್ನೇ ಆಡುತ್ತಿದ್ದರಂತೆ. "ಆ ಚೆಂಡು ಗುಳಿಗೆ ಬೀಳುವ ಶಬ್ದ ಇನ್ನೊಂದ್ಸಲ ಕೇಳಬೇಕಿತ್ತು" ಅನ್ನುತ್ತಾರೆ. ಇದು ಸರಿಯಾಗುತ್ತದಾ?
(ಓದುಗರೊಬ್ಬರು, ಕುಂದಾಪುರ)

ಉತ್ತರ: ಗುಜರಿಗೆ ಹಾಕಬೇಡಿ, ದಯವಿಟ್ಟು. ನೀವು ಬರೆದ ಮೂರೂ ಲಕ್ಷಣ ಒಂದೇ ಕಾಯಿಲೆಯವು. ಶಬ್ದ ಇಲ್ಲ, ಚಿತ್ರ ಮಸುಕು, ತಾನಾಗಿ ಆಫ್. ಕರೆಂಟನ್ನು ತುಸು ಹೊತ್ತು ಹಿಡಿದಿಟ್ಟು ಕೊಡುವ ಪುಟ್ಟ ಬಿಡಿಭಾಗ ಇದೆಯಲ್ಲ, ಕೆಪಾಸಿಟರ್, ಅದು ಸೋರಿದೆ. ಗೇಮ್ ಗೇರ್‌ಗೆ ಇದು ವಯಸ್ಸಿನ ಜೊತೆ ಬರುವ ಕಾಯಿಲೆ. ಇದುವರೆಗೆ ನನ್ನ ಮೇಜಿಗೆ ನಾಲ್ಕು ಬಂದಿವೆ, ನಾಲ್ಕಕ್ಕೂ ಇದೇ ಆಗಿತ್ತು. ನಾಲ್ಕೂ ಎದ್ದು ಕೂತವು.

ಆ ನಾಲ್ಕರಲ್ಲಿ ಮೊದಲನೆಯದು ನಮ್ಮ ಮನೆಯದೇ. ನನ್ನ ಅಣ್ಣ ಮಸ್ಕತ್‌ನಲ್ಲಿದ್ದ. 1994ರ ಬೇಸಿಗೆಯಲ್ಲಿ ಬಂದಾಗ ನನ್ನ ಮಗನಿಗೆ ಅಂತ ತಂದುಕೊಟ್ಟ. ಆಗ ನಮ್ಮಲ್ಲಿ ಸಂಜೆ ಕರೆಂಟ್ ಹೋದರೆ ಬರುವುದು ಯಾವಾಗಲೋ. ಸೀಮೆಎಣ್ಣೆ ದೀಪ ಹಚ್ಚಿ ನಾನು ಅಡುಗೆ ಮನೆಯಲ್ಲಿ ಇರುತ್ತಿದ್ದೆ. ನಡುಮನೆಯ ಕತ್ತಲೆಯಲ್ಲಿ ಮಗನ ಮುಖ ಒಂದೇ ಬೆಳ್ಳಗೆ ಕಾಣುತ್ತಿತ್ತು. ಗೇಮ್ ಗೇರ್‌ನ ಪರದೆಗೆ ಹಿಂದಿನಿಂದ ಬೆಳಕು ಇದೆ, ಅದಕ್ಕೆ. ಅದೇ ಕಾಲದ ನಿಂಟೆಂಡೊ ಗೇಮ್ ಬಾಯ್‌ಗೆ ಆ ಬೆಳಕು ಇರಲಿಲ್ಲ, ದೀಪದ ಬುಡದಲ್ಲಿ ಕೂತು ಆಡಬೇಕಿತ್ತು. ನಮ್ಮ ಮನೆಯಲ್ಲೂ ಇದ್ದದ್ದು ಪಟ್ ಅಂಡ್ ಪಟರ್. ಹಾಗಾಗಿ ನಿಮ್ಮ ಅಪ್ಪಯ್ಯ ಹೇಳುವ ಶಬ್ದ ಯಾವುದು ಅಂತ ನನಗೆ ಗೊತ್ತು.

ಆಟದ ವಿಷಯ ಸ್ವಲ್ಪ ಹೇಳುತ್ತೇನೆ, ನೀವಿನ್ನೂ ಅದನ್ನು ಸರಿಯಾಗಿ ನೋಡಿಲ್ಲವಲ್ಲ. ಗೇಮ್ ಗೇರ್ ಜಪಾನಿನಲ್ಲಿ 1990ರ ಅಕ್ಟೋಬರ್ 6ರಂದು ಮಾರಾಟಕ್ಕೆ ಬಂತು, ಮರುವರ್ಷ ಅಮೆರಿಕ, ಯುರೋಪಿಗೆ. ಪಟ್ ಅಂಡ್ ಪಟರ್ ಬಂದದ್ದು 1991ರಲ್ಲಿ. ಇದು ದೊಡ್ಡ ಗಾಲ್ಫ್ ಅಲ್ಲ, ಮಿನಿ ಗಾಲ್ಫ್. ಅಂದರೆ ಚೆಂಡನ್ನು ಆಕಾಶಕ್ಕೆ ಹಾರಿಸುವುದಿಲ್ಲ, ನೆಲದ ಮೇಲೆ ಉರುಳಿಸಿ ಗುಳಿಗೆ ಬೀಳಿಸುವುದು. ದಿಕ್ಕು ಗೊತ್ತು ಮಾಡಬೇಕು, ಎಷ್ಟು ಜೋರು ಅಂತ ಗೊತ್ತು ಮಾಡಬೇಕು, ಹೊಡೆಯಬೇಕು. ಅಷ್ಟೇ. ಗುಳಿ ನೇರಕ್ಕೆ ಇರುವುದಿಲ್ಲ. ಗೋಡೆಗೆ ಬಡಿಸಿ ತಿರುಗಿಸಬೇಕು. ಗೋಲಿ ಆಡಿದವರಿಗೆ, ಕೇರಂ ಆಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಾನು ಈ ಆಟವನ್ನು ಮೆಚ್ಚುವುದಕ್ಕೆ ಇನ್ನೊಂದು ಕಾರಣ ಇದೆ. ಗೇಮ್ ಗೇರ್‌ನ ಪರದೆ 3.2 ಇಂಚು, ಅಗಲಕ್ಕೆ 160 ಚುಕ್ಕಿ, ಎತ್ತರಕ್ಕೆ 144. 4096 ಬಣ್ಣಗಳಲ್ಲಿ ಒಂದು ಸಲಕ್ಕೆ 32 ತೋರಿಸಬಲ್ಲದು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಆ ಪರದೆ ನಿಧಾನ. ಚಿತ್ರ ಬದಲಾಗುವಾಗ ಹಿಂದಿನದರ ನೆರಳು ಉಳಿಯುತ್ತದೆ. ಸೆಗಾದ ಇನ್ನೊಂದು ಆಟದ ನಾಯಕ ಸೋನಿಕ್ ಓಡುವಾಗ ಹಿಂದೆ ಒಂದು ಬಾಲ ಎಳೆದ ಹಾಗೆ ಕಾಣುತ್ತದೆ, ಮುಂದೆ ಬರುವ ಮುಳ್ಳು ಕಾಣುವುದೇ ಇಲ್ಲ. ಪಟರ್ ಆಟದಲ್ಲಿ ಆ ತೊಂದರೆ ಅಷ್ಟಿಲ್ಲ. ಚೆಂಡು ನಿಧಾನ ಆಗುತ್ತಾ ಆಗುತ್ತಾ ಗುಳಿಯ ಅಂಚಿಗೆ ಬರುವ ಕೊನೆಯ ಕ್ಷಣ ಇದೆಯಲ್ಲ, ಆಗ ನೆರಳು ಪೂರ್ತಿ ಚೆಂಡಿನೊಳಗೆ ಸೇರಿಕೊಂಡು ಅಂಚು ಸ್ಪಷ್ಟ ಆಗುತ್ತದೆ. ಉಸಿರು ಹಿಡಿದು ನೋಡುವುದೂ ಆ ಕ್ಷಣವನ್ನೇ. ಈ ಯಂತ್ರದ ದೌರ್ಬಲ್ಯಕ್ಕೆ ಸರಿಹೊಂದುವ ಆಟ ಅದು. ಅದಕ್ಕೇ ಹೇಳುತ್ತೇನೆ, ನಿಮ್ಮ ಅಪ್ಪಯ್ಯ ಒಳ್ಳೆಯ ಕ್ಯಾಸೆಟ್ ಆರಿಸಿದ್ದಾರೆ.

ಇನ್ನು ರಿಪೇರಿ. ಮೊದಲು ಸೆಲ್ ಗೂಡು ನೋಡಿ. ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಪೆನ್ಸಿಲ್ ಸೆಲ್. ಹಳೆಯ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಹತ್ತಿಗೆ ಒಂದೆರಡು ಹನಿ ವಿನೆಗರ್ ಹಾಕಿ ಒರೆಸಿ, ಆಮೇಲೆ ಆಲ್ಕೋಹಾಲ್ ಹಾಕಿ ಒಣಗಿಸಿ. ಒಮ್ಮೊಮ್ಮೆ ಆಫ್ ಆಗುವುದಕ್ಕೆ ಇದೊಂದೇ ಕಾರಣ ಇದ್ದರೂ ಇರಬಹುದು. ಕ್ಯಾಸೆಟ್ಟಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್ ಬಡ್‌ನಿಂದ ಒರೆಸಿ. ಬಾಯಿಂದ ಊದಬೇಡಿ. ನಾವೆಲ್ಲ ಊದಿದವರೇ, ಆದರೆ ಊದಿದರೆ ಹೋಗುವುದು ಧೂಳಲ್ಲ, ಒಳಗೆ ಸೇರುವುದು ಎಂಜಲಿನ ತೇವ.

ಅಡಾಪ್ಟರ್ ಸಿಕ್ಕಿದ್ದರೂ ಈಗಲೇ ಚುಚ್ಚಬೇಡಿ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದು ಅಡಾಪ್ಟರಿನಿಂದ ಅಡಾಪ್ಟರಿಗೆ ಬೇರೆ. ಉಲ್ಟಾ ಆದರೆ ಕೈಗೆ ಬರುವುದು ಸುಟ್ಟ ಬೋರ್ಡ್. ರಿಪೇರಿ ಮುಗಿಯುವವರೆಗೆ ಸೆಲ್ಲೇ ಸಾಕು.

ಬಿಚ್ಚುವಾಗ ಮಾಮೂಲಿ ಸ್ಟಾರ್ ಸ್ಕ್ರೂಗಳ ಜೊತೆ ಒಂದು ವಿಚಿತ್ರ ಸ್ಕ್ರೂ ಎದುರಾಗುತ್ತದೆ. ಅದಕ್ಕೆ 4.5 ಮಿಲಿಮೀಟರಿನ ಬೇರೆಯೇ ಬಿಟ್ ಬೇಕು. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸುವ ಯೋಚನೆ ಮಾಡಬೇಡಿ, ಬಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಎರಡು ಹೋಳು ಬೇರೆ ಮಾಡುವಾಗ ನಡುವೆ ವೈರ್ ಇರುತ್ತದೆ. ಜಗ್ಗಬೇಡಿ, ಪುಸ್ತಕ ತೆರೆದ ಹಾಗೆ ತೆರೆಯಿರಿ.

ತೆರೆದ ತಕ್ಷಣ ಮೂಗು ಹತ್ತಿರ ತನ್ನಿ. ಮೀನಿನ ವಾಸನೆ ಬರುತ್ತದೆ. ಕುಂದಾಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಇದು ಅಡುಗೆ ಮನೆಯಿಂದ ಬಂದದ್ದಲ್ಲ. ಆ ಕಾಲದ ಪುಟ್ಟ ಅಲ್ಯೂಮಿನಿಯಂ ಕೆಪಾಸಿಟರ್‌ಗಳ ಒಳಗಿನ ದ್ರವ ಬುಡದ ರಬ್ಬರ್ ದಾಟಿ ಹೊರಗೆ ಬಂದಿರುತ್ತದೆ. ಅದರ ವಾಸನೆ ಅದು. ಆ ದ್ರವ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ತಡ ಮಾಡಬೇಡಿ, ಈ ಮಳೆಗಾಲದ ಒಳಗೆ ಮಾಡಿಸಿ.

ಒಳಗೆ ಮೂರು ಬೋರ್ಡ್ ಇವೆ. ಸಣ್ಣದೊಂದು ಪವರ್‌ಗೆ, ಸಣ್ಣದೊಂದು ಶಬ್ದಕ್ಕೆ, ದೊಡ್ಡದು ಉಳಿದ ಎಲ್ಲಕ್ಕೆ. ನಿಮ್ಮ ಮೂರು ಲಕ್ಷಣ ಈ ಮೂರು ಬೋರ್ಡಿನವು. ಆಫ್ ಆಗುವುದು ಪವರ್ ಬೋರ್ಡಿನದು, ಶಬ್ದ ಇಲ್ಲದ್ದು ಶಬ್ದದ ಬೋರ್ಡಿನದು, ಓರೆಯಾಗಿ ನೋಡಿದರೆ ಮಾತ್ರ ಕಾಣುವ ಚಿತ್ರ ದೊಡ್ಡ ಬೋರ್ಡಿನದು. ಅಪ್ಪಯ್ಯನಿಗೆ ಬೇಕಾದ್ದು ಶಬ್ದ ಅಂತ ಬರೀ ಒಂದು ಬೋರ್ಡ್ ಮಾಡಿಸಿ ಬಿಡಬೇಡಿ. ಒಂದು ಸಲ ತೆರೆದ ಮೇಲೆ ಮೂರರ ಎಲೆಕ್ಟ್ರೊಲಿಟಿಕ್, ಅಂದರೆ ಒಳಗೆ ದ್ರವ ಇರುವ, ಕೆಪಾಸಿಟರ್‌ಗಳನ್ನೂ ಬದಲಾಯಿಸುವುದೇ ಸರಿ. ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ, ಒಂದೊಂದರ ಅಂಕಿ, ಒಂದೊಂದರ ದಿಕ್ಕು ಬರೆದುಕೊಳ್ಳಿ. ಬೋರ್ಡಿನಲ್ಲಿ ಹಲವು ಆವೃತ್ತಿ ಇವೆ, ಬೇರೆಯವರ ಪಟ್ಟಿ ನಿಮ್ಮದಕ್ಕೆ ಹೊಂದದೆ ಇರಬಹುದು. ಮೈಕ್ರೊಫ್ಯಾರಡ್ (ಕೆಪಾಸಿಟರ್ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇವೆಲ್ಲ ಚಿಲ್ಲರೆಗೆ ಸಿಗುತ್ತವೆ.

ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅಲ್ಯೂಮಿನಿಯಂ ಕೆಪಾಸಿಟರ್ ತಲೆಯ ಮೇಲಿನ ಕಪ್ಪು ಗುರುತು ಮೈನಸ್. ಅದರ ಬದಲು ಟ್ಯಾಂಟಲಮ್ ಅನ್ನುವ ಲೋಹದ ಕೆಪಾಸಿಟರ್ ಹಾಕುವುದಾದರೆ ಅದರ ಮೇಲಿನ ಗೆರೆ ಪ್ಲಸ್. ಗುರುತು ಒಂದೇ ಥರ ಕಾಣುತ್ತದೆ, ಅರ್ಥ ಉಲ್ಟಾ. ಟ್ಯಾಂಟಲಮ್ ಉಲ್ಟಾ ಕೂತರೆ ಹೊಗೆ ಬರುತ್ತದೆ. ಇನ್ನೊಂದು, ಪರದೆಯ ಹಿಂದಿನ ಬೆಳಕು ಎಲ್‌ಇಡಿ ಅಲ್ಲ, ಬೆರಳುದ್ದದ ಟ್ಯೂಬ್‌ಲೈಟ್. ಅದನ್ನು ಉರಿಸುವುದಕ್ಕೆ ಒಂಬತ್ತು ವೋಲ್ಟನ್ನು ನೂರಾರು ವೋಲ್ಟಿಗೆ ಏರಿಸುತ್ತಾರೆ. ಸೆಲ್ ಇರುವಾಗ ಆ ಜಾಗಕ್ಕೆ ಬೆರಳು ಹೋಗಬಾರದು.

ಈಗ ನನ್ನ ಕೈಯಲ್ಲಿ ಆದ ತಪ್ಪೊಂದನ್ನು ಹೇಳುತ್ತೇನೆ, ನಿಮಗೆ ಉಪಯೋಗ ಆಗಲಿ. ಮನೆಯ ಗೇಮ್ ಗೇರ್ ತೆರೆದಾಗ ಶಬ್ದದ ಬೋರ್ಡಿನ ಒಂದು ಕೆಪಾಸಿಟರ್ ಅಲ್ಲಾಡಲಿಲ್ಲ. ಕಾದದ್ದು ಸಾಲಲಿಲ್ಲ ಅಂತ ಗೊತ್ತಿತ್ತು, ಆದರೂ ಚಿಮುಟದಿಂದ ಎತ್ತಿದೆ. ಕೆಪಾಸಿಟರ್ ಬಂತು. ಅದರ ಕಾಲಿಗೆ ಅಂಟಿಕೊಂಡು ಬೋರ್ಡಿನ ತಾಮ್ರದ ಪ್ಯಾಡೂ ಬಂತು. ಎಳ್ಳಿನ ಸಿಪ್ಪೆಯಷ್ಟು ತೆಳು, ಅಷ್ಟೇ ದೊಡ್ಡದು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ ಲೆನ್ಸ್ ಹಿಡಿದು ಆ ಗೆರೆ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ, ಮೇಲಿನ ಹಸಿರು ಲೇಪ ಕೆರೆದು, ಕೂದಲಿನಷ್ಟು ಸಣ್ಣ ವೈರ್ ಹಾಕಿ ಜೋಡಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಹೊಸ ಸೀಸ ಸ್ವಲ್ಪ ಹಚ್ಚಿ, ಎರಡೂ ಕಾಲನ್ನು ಸರದಿಯಂತೆ ಕಾಯಿಸಿ, ತಾನಾಗಿ ಸಡಿಲ ಆಗುವವರೆಗೆ ಕಾದಿದ್ದರೆ ಅರ್ಧ ನಿಮಿಷದ ಕೆಲಸ ಅದು. ತೆಗೆದ ಜಾಗವನ್ನೆಲ್ಲ ಆಲ್ಕೋಹಾಲಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸದು ಕೂರಿಸಿ. ಒದ್ದೆ ಇರುವಾಗ ಕೂರಿಸಿದರೆ ಹಳೆಯ ದ್ರವ ಹೊಸ ಕೆಪಾಸಿಟರ್ ಕೆಳಗೆ ಉಳಿದುಬಿಡುತ್ತದೆ.

ಬೆಸುಗೆ ಹಾಕಿ ಅಭ್ಯಾಸ ಇಲ್ಲದಿದ್ದರೆ ನೀವೇ ಕೈ ಹಾಕಬೇಡಿ. ಹಳೆಯ ಟಿ.ವಿ., ಟೇಪ್‌ರೆಕಾರ್ಡರ್ ಮಾಡುತ್ತಿದ್ದ ಮೆಕ್ಯಾನಿಕ್ ಯಾರಾದರೂ ಊರಲ್ಲಿ ಇದ್ದರೆ ಈ ಪತ್ರಿಕೆ ತೋರಿಸಿ. ಅವರಿಗೆ ಇದು ಅರ್ಥ ಆಗುತ್ತದೆ. ಈಗ ಹೊಸ ಎಲ್‌ಸಿಡಿ ಪರದೆಯ ಕಿಟ್‌ಗಳೂ ಬಂದಿವೆ, ಚಿತ್ರ ಕನ್ನಡಿಯ ಹಾಗೆ ಕಾಣುತ್ತದೆ. ಆದರೆ ನಿಮ್ಮ ಟ್ಯೂಬ್ ಹತ್ತುತ್ತಿದೆ, ಪರದೆ ಚೆನ್ನಾಗಿದೆ. ಅಪ್ಪಯ್ಯ ದುಬೈಯ ರೂಮಿನಲ್ಲಿ ನೋಡಿದ್ದು ಆ ಮಸುಕು ಬೆಳಕಿನ ಚಿತ್ರವನ್ನೇ ಅಲ್ವಾ? ಅದನ್ನೇ ಉಳಿಸಿಕೊಡಿ.

ಪ್ರಶ್ನೆ: ನಾನು ಕೇರಂನಲ್ಲಿ ತಾಲ್ಲೂಕು ಮಟ್ಟದವರೆಗೆ ಆಡಿದವನು. ಸೆಕೆಂಡ್ ಹ್ಯಾಂಡ್ ಗೇಮ್ ಗೇರ್ ತೆಗೆದುಕೊಂಡು ಇದೇ ಪಟ್ ಅಂಡ್ ಪಟರ್ ಆಡುತ್ತಿದ್ದೇನೆ. ಗೋಡೆಗೆ ಬಡಿದ ಚೆಂಡು ನಾನು ಅಂದುಕೊಂಡ ಕಡೆ ಹೋಗುವುದೇ ಇಲ್ಲ. ಬಡಿದ ಮೇಲೆ ಸತ್ತಹಾಗೆ ನಿಧಾನವೂ ಆಗುತ್ತದೆ. ಆಟದ ಲೆಕ್ಕದಲ್ಲೇ ತಪ್ಪಿದೆಯಾ?
(ಓದುಗರು, ದಾವಣಗೆರೆ)

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಖುಷಿ. ಲೆಕ್ಕ ಸರಿ ಇದೆ. ನಿಮ್ಮ ಕಣ್ಣೂ ಸರಿ ಇದೆ. ನಡುವೆ ಇರುವುದು ಚಿತ್ರ ಬರೆದ ರೀತಿ.

ಕೇರಂ ಬೋರ್ಡನ್ನು ನಾವು ಮೇಲಿನಿಂದ ನೋಡುತ್ತೇವೆ. ಚೌಕ ಚೌಕವಾಗಿಯೇ ಕಾಣುತ್ತದೆ. ಪಟ್ ಅಂಡ್ ಪಟರ್‌ನಲ್ಲಿ ಮೈದಾನವನ್ನು ಒಂದು ಮೂಲೆಯ ಕಡೆಯಿಂದ, ಸ್ವಲ್ಪ ಎತ್ತರದಿಂದ ಓರೆಯಾಗಿ ನೋಡಿದ ಹಾಗೆ ಬರೆದಿದ್ದಾರೆ. ಹಾಗಾಗಿ ನೆಲದ ಚೌಕ ಪರದೆಯ ಮೇಲೆ ಶಂಕರಪೋಳಿ ಆಕಾರಕ್ಕೆ ಬರುತ್ತದೆ. ಇಂಥ ಓರೆನೋಟದ ಆಟಗಳಲ್ಲಿ ಸಾಮಾನ್ಯವಾಗಿ ಆ ಶಂಕರಪೋಳಿಯ ಅಗಲ ಎತ್ತರದ ಎರಡರಷ್ಟು ಇರುತ್ತದೆ. ಎರಡು ಚುಕ್ಕಿ ಪಕ್ಕಕ್ಕೆ, ಒಂದು ಚುಕ್ಕಿ ಮೇಲಕ್ಕೆ, ಹೀಗೆ ಗೆರೆ ಎಳೆದರೆ ಮೆಟ್ಟಿಲು ಒರಟಾಗಿ ಕಾಣುವುದಿಲ್ಲ. 160 ಚುಕ್ಕಿಯ ಪರದೆಯಲ್ಲಿ ಅದು ಮುಖ್ಯ.

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಎಂಟು ಮನೆ ಅಗಲ, ನಾಲ್ಕು ಮನೆ ಎತ್ತರದ ಶಂಕರಪೋಳಿ ಬರೆಯಿರಿ. ಇದು ನಿಮ್ಮ ಕೇರಂ ಬೋರ್ಡ್ ಅಂದುಕೊಳ್ಳಿ. ಬೋರ್ಡಿನ ಒಂದು ಮೂಲೆಯಿಂದ ಎದುರು ಮೂಲೆಗೆ ಎರಡು ಗೆರೆ ಇವೆ. ನಿಜವಾದ ಬೋರ್ಡಿನಲ್ಲಿ ಎರಡೂ ಒಂದೇ ಉದ್ದ. ಹಾಳೆಯ ಮೇಲೆ ಒಂದು ಅಡ್ಡಕ್ಕೆ ಎಂಟು ಮನೆ, ಇನ್ನೊಂದು ಮೇಲಿನಿಂದ ಕೆಳಕ್ಕೆ ನಾಲ್ಕೇ ಮನೆ. ಅಂದರೆ ಒಂದೇ ಜೋರಿನಲ್ಲಿ ಹೊಡೆದ ಚೆಂಡು ಅಡ್ಡಕ್ಕೆ ಹೋದರೆ ದೂರ ಹೋದ ಹಾಗೆ, ಮೇಲಕ್ಕೆ ಹೋದರೆ ಅರ್ಧಕ್ಕೇ ನಿಂತ ಹಾಗೆ ಕಾಣುತ್ತದೆ. ನಿಮ್ಮ ಚೆಂಡು ಸತ್ತಿಲ್ಲ. ಅದು ಅಡ್ಡಕ್ಕೆ ಹೋಗುವುದು ಬಿಟ್ಟು ಮೇಲಕ್ಕೆ ಹೊರಟಿದೆ, ಅಷ್ಟೇ.

ಈಗ ರಿಬೌಂಡ್. ಅದೇ ಹಾಳೆಯಲ್ಲಿ ಎಡ ಮೂಲೆಗೂ ಬಲ ಮೂಲೆಗೂ ನಡುವಿನ ಗೆರೆಗಿಂತ ಒಂದು ಮನೆ ಕೆಳಗೆ, ಅಡ್ಡಕ್ಕೆ, ಎಡದಿಂದ ಬಲಕ್ಕೆ ಚೆಂಡು ಕಳಿಸಿ. ಅದು ಬಲಗಡೆಯ ಕೆಳಗಿನ ಗೋಡೆಗೆ ಬಡಿಯುತ್ತದೆ. ಹಾಳೆಯ ಮೇಲೆ ಆ ಗೋಡೆ ತುಂಬಾ ಮಲಗಿದ ಹಾಗೆ ಇದೆ, ಸುಮಾರು 27 ಡಿಗ್ರಿ ಅಷ್ಟೇ ಎದ್ದಿದೆ. ಕೇರಂ ಕಣ್ಣಿಗೆ ಏನನ್ನಿಸುತ್ತದೆ? ಚೆಂಡು ಮುಂದಕ್ಕೇ ಹೋಗುತ್ತಾ 53 ಡಿಗ್ರಿಯಷ್ಟು ಮೇಲಕ್ಕೆ ಎದ್ದೀತು ಅನ್ನಿಸುತ್ತದೆ. ಆದರೆ ನಿಜವಾದ ನೆಲದಲ್ಲಿ ಆ ಚೆಂಡು ಮೂಲೆಯಿಂದ ಮೂಲೆಗೆ ಹೋಗುವ ದಿಕ್ಕಿನಲ್ಲಿತ್ತು, ಗೋಡೆಗೆ 45 ಡಿಗ್ರಿಯಲ್ಲಿ ಬಡಿಯಿತು. 45ರಲ್ಲಿ ಬಂದದ್ದು 45ರಲ್ಲೇ ಹೋಗಬೇಕು. ಅಂದರೆ ಇನ್ನೊಂದು ಮೂಲೆಗೆರೆಯ ದಿಕ್ಕು. ಹಾಳೆಯ ಮೇಲೆ ಅದು ನೆಟ್ಟಗೆ ಮೇಲಕ್ಕೆ! ಅಡ್ಡ ಬಂದ ಚೆಂಡು ಲಂಬವಾಗಿ ಎದ್ದು ಹೋಗುತ್ತದೆ, ಮೇಲೆ ಹೇಳಿದ ಕಾರಣಕ್ಕೆ ವೇಗವೂ ಅರ್ಧ ಆದ ಹಾಗೆ ಕಾಣುತ್ತದೆ. ನಿಮ್ಮ ಎರಡೂ ದೂರಿಗೆ ಕಾರಣ ಇದೊಂದೇ.

ನನಗೆ ಇದು ಹೊಳೆದದ್ದು ಲ್ಯಾಬಿನಲ್ಲಿ, ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಮುಂದೆ. ಅಡ್ಡಕ್ಕೂ ಉದ್ದಕ್ಕೂ ಅಳತೆ ಬೇರೆ ಇಟ್ಟರೆ ವೃತ್ತ ಮೊಟ್ಟೆ ಆಗುತ್ತದೆ ಅಂತ ಹುಡುಗರಿಗೆ ವರ್ಷ ವರ್ಷ ತೋರಿಸುತ್ತಿದ್ದೆ. ಅವತ್ತು ಸಂಜೆ ಮನೆಗೆ ಬಂದು ಮಗನಿಗೆ ಹೇಳಿದೆ, "ಪರದೆ ನೋಡಬೇಡ, ನೆಲ ನೋಡು" ಅಂತ. ಅವನು ಅಡುಗೆ ಮನೆಗೆ ಹೋಗಿ ನಮ್ಮ ಮೊಸಾಯಿಕ್ ನೆಲದ ಮೇಲೆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಲಿ ಉರುಳಿಸಿ ನೋಡಿದ. ನೀವೂ ಹಾಗೆ ಮಾಡಿ. ಕೇರಂ ಬೋರ್ಡಿನ ಮೂಲೆಯಲ್ಲಿ ಗಲ್ಲ ಬೋರ್ಡಿನ ಮಟ್ಟದಿಂದ ಒಂದಡಿ ಮೇಲೆ ಬರುವ ಹಾಗೆ ಕೂತು ಸ್ಟ್ರೈಕರ್ ಹೊಡೆಯಿರಿ. ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಆಟದಿಂದ ಆಟಕ್ಕೆ ಓರೆಯ ಅಳತೆ ತುಸು ಹೆಚ್ಚು ಕಡಿಮೆ ಆಗಬಹುದು, ಆದರೆ ಅಡ್ಡಕ್ಕೆ ಹಗುರ ಕೈ, ಮೇಲಕ್ಕೆ ಜೋರು ಕೈ ಅನ್ನುವುದು ಎಲ್ಲ ಓರೆನೋಟದ ಗಾಲ್ಫ್‌ಗೂ ನಡೆಯುತ್ತದೆ.

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿದ್ದೇವೆ. ಇಲ್ಲಿ ವಾರಾಂತ್ಯಕ್ಕೆ ಮಕ್ಕಳನ್ನು ಮಿನಿ ಗಾಲ್ಫ್‌ಗೆ ಕರೆದುಕೊಂಡು ಹೋಗುತ್ತೇವೆ. ಗಾಳಿಯಂತ್ರ, ಸುರಂಗ, ಬೊಂಬೆ ಎಲ್ಲ ಇರುತ್ತವೆ. ಇದು ವಿಡಿಯೊ ಗೇಮ್ ನೋಡಿ ಕಟ್ಟಿದ್ದಾ ಅಂತ ಮಗಳು ಕೇಳಿದಳು. ಏನು ಹೇಳಲಿ?
(ಓದುಗರು, ಕ್ಯಾರಿ)

ಉತ್ತರ: ಉಲ್ಟಾ ಅಂತ ಹೇಳಿ. ನೆಲದ ಮೇಲಿನ ಆಟವೇ ಹಳೆಯದು, ಅದೂ ತುಂಬಾ ಹಳೆಯದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1867ರಲ್ಲಿ ಹೆಂಗಸರು ಒಂದು ಪಟಿಂಗ್ ಕ್ಲಬ್ ಕಟ್ಟಿಕೊಂಡರು. ಹೆಂಗಸರು ಭುಜಕ್ಕಿಂತ ಮೇಲೆ ಕೋಲು ಎತ್ತಿ ಬೀಸುವುದು ಚೆಂದ ಅಲ್ಲ ಅಂತ ಆಗಿನ ಕಾಲದ ಮಾತು. ಹಾಗಾದರೆ ನೆಲದ ಮೇಲೇ ಉರುಳಿಸುತ್ತೇವೆ ಅಂತ ಅವರು ಆಡತೊಡಗಿದರು. ಆ ಮೈದಾನ ಪೂರ್ತಿ ಉಬ್ಬು ತಗ್ಗು. ಅದಕ್ಕೆ ಇವತ್ತಿಗೂ ಹಿಮಾಲಯಾಸ್ ಅಂತಲೇ ಹೆಸರು, ಇವತ್ತಿಗೂ ಅಲ್ಲಿ ಆಡುತ್ತಾರೆ. ಮಗಳಿಗೆ ಇದನ್ನು ಖಂಡಿತ ಹೇಳಿ.

ನಿಮ್ಮ ಹತ್ತಿರದಲ್ಲೇ ಇನ್ನೊಂದು ಇದೆ. ಪೈನ್‌ಹರ್ಸ್ಟ್‌ಗೆ ನೀವು ಕಾರಿನಲ್ಲಿ ಹೋಗಿ ಬರಬಹುದು. ಅಲ್ಲಿ ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಜೇಮ್ಸ್ ಬಾರ್ಬರ್ ಅನ್ನುವ ಶ್ರೀಮಂತರು ತಮ್ಮ ಮನೆಯ ತೋಟದಲ್ಲಿ ಪುಟ್ಟ ಗಾಲ್ಫ್ ಮೈದಾನ ಮಾಡಿಸಿದರು. ಅಮೆರಿಕದ ಮೊದಮೊದಲ ಮಿನಿ ಗಾಲ್ಫ್ ಮೈದಾನಗಳಲ್ಲಿ ಅದೊಂದು. ಹೆಸರು ಥಿಸಲ್ ಡು. ಮುಗಿದ ಕೆಲಸ ನೋಡಿ ಅವರು "ಇಷ್ಟಾದರೆ ಸಾಕು" ಅನ್ನುವ ಅರ್ಥದ ಇಂಗ್ಲಿಷ್ ಮಾತು ಅಂದರಂತೆ, ಅದೇ ಉಚ್ಚಾರಣೆ ಹೆಸರಾಯಿತು ಅಂತ ಹೇಳುತ್ತಾರೆ.

ಬೊಂಬೆ, ಸುರಂಗಗಳು ಬಂದದ್ದು ಅದಾದ ಮೇಲೆ. 1920ರ ದಶಕದ ಕೊನೆಯಲ್ಲಿ ಲುಕೌಟ್ ಮೌಂಟನ್ ಅನ್ನುವ ಬೆಟ್ಟದ ಮೇಲೆ ಗಾರ್ನೆಟ್ ಕಾರ್ಟರ್ ತಮ್ಮ ಹೋಟೆಲಿನ ಪಕ್ಕ ಟಾಮ್ ಥಂಬ್ ಗಾಲ್ಫ್ ಶುರು ಮಾಡಿದರು. ಅಜ್ಜಿಕತೆಯ ಬೊಂಬೆಗಳಿಂದ ಅದನ್ನು ಅಲಂಕರಿಸಿದ್ದು ಅವರ ಹೆಂಡತಿ ಫ್ರೀಡಾ. 1930ರ ಹೊತ್ತಿಗೆ ಅಮೆರಿಕಕ್ಕೆಲ್ಲ ಇದರ ಹುಚ್ಚು ಹಿಡಿಯಿತು. ನ್ಯೂಯಾರ್ಕಿನಲ್ಲಿ ಕಟ್ಟಡಗಳ ತಾರಸಿಯ ಮೇಲೂ ಮೈದಾನ ಮಾಡಿದರು. ತಾರಸಿಯ ಮೇಲೆ ಹುಲ್ಲು ಬೆಳೆಸುವುದು ಹೇಗೆ? ಹುಲ್ಲಿನ ಬದಲು ಹತ್ತಿ ಬೀಜದ ಹೊಟ್ಟನ್ನು ಅರೆದು, ಬಣ್ಣ ಹಾಕಿ, ಗಟ್ಟಿಯಾಗಿ ಹಾಸುತ್ತಿದ್ದರು. ನಮ್ಮ ಧಾರವಾಡ, ಹಾವೇರಿ ಕಡೆ ದನಕ್ಕೆ ಹಾಕುವ ಹತ್ತಿಕಾಳಿನ ಸಿಪ್ಪೆ, ಅದೇ. ಚೆಂಡು ಅದರ ಮೇಲೆ ಒಂದೇ ಸಮ ಉರುಳುತ್ತದೆ. ಹುಲ್ಲು ಬೇಡ ಅನ್ನುವುದು ಗೊತ್ತಾದ ದಿನವೇ ಈ ಆಟ ಎಲ್ಲಿಗೆ ಬೇಕಾದರೂ ಹೋಗುವ ಹಾಗಾಯಿತು. ತಾರಸಿಗೂ ಬಂತು, ಅರವತ್ತು ವರ್ಷ ಕಳೆದ ಮೇಲೆ 3.2 ಇಂಚಿನ ಪರದೆಯೊಳಕ್ಕೂ ಬಂತು.

ಪ್ರಶ್ನೆ: ಮೇಡಂ, ನಾನು ಏಳನೇ ಕ್ಲಾಸ್. ಮಾವನ ಹಳೆ ಗೇಮ್ ಗೇರ್ ನನಗೆ ಕೊಟ್ಟಿದ್ದಾರೆ. ಆರು ಸೆಲ್ ಹಾಕಿದರೆ ಒಂದೇ ದಿನದಲ್ಲಿ ಖಾಲಿ. ಅಮ್ಮ ಬೈತಾರೆ. ನನ್ನ ಫ್ರೆಂಡ್ ಹತ್ತಿರ ಗೇಮ್ ಬಾಯ್ ಇದೆ, ಅವನಿಗೆ ನಾಲ್ಕೇ ಸೆಲ್, ತುಂಬಾ ದಿನ ಬರುತ್ತೆ. ನನ್ನದು ಕೆಟ್ಟಿದೆಯಾ?
(ತುಮಕೂರು)

ಉತ್ತರ: ಇಲ್ಲ ಪುಟ್ಟಾ, ನಿನ್ನದು ಚೆನ್ನಾಗಿಯೇ ಇದೆ. ಗೇಮ್ ಗೇರ್ ಹೊಸದಿದ್ದಾಗಲೂ ಆರು ಸೆಲ್ಲಿಗೆ ಮೂರರಿಂದ ಐದು ಗಂಟೆ ಅಷ್ಟೇ ಬರುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಜಾಸ್ತಿ ಓಡುತ್ತದೆ. ಯಾಕೆ ಅಂದರೆ ನಿನ್ನ ಗೇಮ್ ಗೇರ್ ಒಳಗೆ ಒಂದು ಪುಟ್ಟ ಟ್ಯೂಬ್‌ಲೈಟ್ ಉರಿಯುತ್ತಾ ಇರುತ್ತದೆ. ನಿನ್ನ ಸೆಲ್ಲಿನ ದೊಡ್ಡ ಪಾಲು ಆಟಕ್ಕೆ ಹೋಗುವುದಿಲ್ಲ, ಆ ದೀಪಕ್ಕೆ ಹೋಗುತ್ತದೆ. ಫ್ರೆಂಡ್‌ನ ಗೇಮ್ ಬಾಯ್‌ನಲ್ಲಿ ದೀಪವೂ ಇಲ್ಲ, ಬಣ್ಣವೂ ಇಲ್ಲ. ಕತ್ತಲೆಯಲ್ಲಿ ಇಬ್ಬರೂ ಆನ್ ಮಾಡಿ ನೋಡಿ, ಗೊತ್ತಾಗುತ್ತದೆ.

ಅಮ್ಮನಿಗೆ ಹೇಳು, ಚಾರ್ಜ್ ಆಗುವ ಸೆಲ್ ಆರು ಮತ್ತು ಒಂದು ಚಾರ್ಜರ್ ತೆಗೆದುಕೊಟ್ಟರೆ ಮತ್ತೆ ಮತ್ತೆ ಕೊಳ್ಳುವುದು ತಪ್ಪುತ್ತದೆ ಅಂತ. ಅವುಗಳ ಮೇಲೆ 1.2 ವೋಲ್ಟ್ ಅಂತ ಇರುತ್ತದೆ. ಮಾಮೂಲಿ ಸೆಲ್ 1.5. ಕಡಿಮೆ ಆಯಿತಲ್ಲ ಅಂತ ಹೆದರಬೇಡ, ಗೇಮ್ ಗೇರ್ ಅದರಲ್ಲೂ ಓಡುತ್ತದೆ. ಹಳೆಯ ಮೂರು, ಹೊಸ ಮೂರು ಸೇರಿಸಿ ಹಾಕಬೇಡ. ಆರೂ ಒಂದೇ ಥರ, ಒಂದೇ ಸಲ ಚಾರ್ಜ್ ಮಾಡಿದ್ದೇ ಇರಬೇಕು. ಪರೀಕ್ಷೆ ಸಮಯದಲ್ಲಿ ಒಂದು ವಾರ ಆಡುವುದಿಲ್ಲ ಅಂದರೆ ಸೆಲ್ ಹೊರಗೆ ತೆಗೆದಿಡು, ಒಳಗೇ ಬಿಟ್ಟರೆ ಸೋರಬಹುದು.

ಮತ್ತೆ ಒಂದು ಕೆಲಸ ಮಾಡುತ್ತೀಯಾ? ಸೆಲ್ ಹಾಕಿದ್ದು ಎಷ್ಟು ಗಂಟೆಗೆ, ಪರದೆ ಆರಿದ್ದು ಎಷ್ಟು ಗಂಟೆಗೆ ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡು. ಪಕ್ಕದಲ್ಲಿ ಯಾವ ಗೇಮ್ ಆಡಿದೆ ಅಂತಲೂ ಬರಿ. ನಾಲ್ಕು ಸಲದ ಲೆಕ್ಕ ಆದ ಮೇಲೆ ನನಗೆ ಕಳಿಸು. ನನ್ನ ಮಗ ಬರೆದ ಲೆಕ್ಕದ ಹಾಳೆ ಇನ್ನೂ ನನ್ನ ಹತ್ತಿರ ಇದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.